ಮಾಮಾನ ಸೋರುವ ಎಂಜಿನ್ನು

ಮೊನ್ನೆ ನವನಗರದ ಬಂಕಿನಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಾಗ ನಾಲ್ಕು ಹನಿ ನನ್ನ ಕೈಮೇಲೆ ಚೆಲ್ಲಿದವು. ನಾನು ಕೈ ಒರೆಸಿಕೊಳ್ಳುವುದು ಬಿಟ್ಟು ಮೂಸಿ ನೋಡಿ ನಕ್ಕೆ. ಪೆಟ್ರೋಲ್ ಹಾಕುವವನು ನನ್ನನ್ನು ವಿಚಿತ್ರವಾಗಿ ನೋಡಿದ್ದರಲ್ಲಿ ತಪ್ಪೇನಿಲ್ಲ. ಐವತ್ತು ದಾಟಿದ ಮನುಷ್ಯ ಹೀಗೆ ಮೂಸಿ ನಗುತ್ತ ನಿಂತರೆ ಯಾರಾದರೂ ಹಾಗೆಯೇ ನೋಡುತ್ತಾರೆ. ಅವನಿಗೆ ಹೇಳಲಾಗಲಿಲ್ಲ; ನಿಮಗಾದರೂ ಕಾರಣ ಹೇಳುತ್ತೇನೆ.

ನನಗೆ ಆ ವಾಸನೆ ಎಂದರೆ ಮಾಮಾ, ಅಂದರೆ ನನ್ನ ತಾಯಿಯ ತಮ್ಮ. ಅಣೆಕಟ್ಟಿನ ಹಿನ್ನೀರು ಬಂದಾಗ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವರಲ್ಲಿ ಅವನೂ ಒಬ್ಬ. ಮನೆ ಹೋಯಿತೆಂದು ಅವನು ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಅಗಲವಾದ ರಸ್ತೆ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟ. ಅವನ ಹೆಂಡತಿ, ನಮ್ಮ ಅತ್ತೆಗೆ ಮಾತ್ರ ಒಂದು ಕೊರಗು ಉಳಿಯಿತು. ಅವಳ ಅಕ್ಕನ ಮನೆ ಹೊಳೆಯಾಚೆಯ ಹಳ್ಳಿಯಲ್ಲಿ. ಮೊದಲು ಹೊಳೆ ದಾಟಿದರೆ ಮುಗಿಯಿತು, ಸೋಮವಾರಕ್ಕೊಮ್ಮೆ ಹೋಗಿ ಬರುವ ರೂಢಿ. ನೀರು ಹರಡಿದ ಮೇಲೆ ಊರೆಲ್ಲ ಸುತ್ತಿ ಬಸ್ಸಿನಲ್ಲಿ ಹೋಗಬೇಕಾಯಿತು. ಅತ್ತೆಗೆ ಬಸ್ಸು ಆಗಿಬರುವುದಿಲ್ಲ. ತುಳಸಿಗೇರಿ ಹನುಮಪ್ಪನ ಗುಡಿಗೆ ಹೊರಟರೂ ದಾರಿಯಲ್ಲಿ ವಾಂತಿ. ಅಕ್ಕನಿಗೋ ಮೊಣಕಾಲು ನೋವು, ಅಂಗಳ ದಾಟುವುದೇ ಕಷ್ಟ. ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು, ನಿಜ. "ಫೋನಿನ್ಯಾಗ ಮಾರಿ ಕಾಣತೈತೇನು?" ಎಂದು ಅತ್ತೆ ಫೋನಿಟ್ಟ ಮೇಲೆ ಗೊಣಗುತ್ತಿದ್ದಳು.

ಒಂದು ದಿನ ಮಾಮಾ ಗುಜರಿ ಅಂಗಡಿಯಿಂದ ದೋಣಿಯ ಹಿಂದೆ ಸಿಕ್ಕಿಸುವ ಎಂಜಿನ್ ಒಂದನ್ನು ತಂದ. ವಯಸ್ಸಿನಲ್ಲಿ ಅದು ನನಗಿಂತ ಹಿರಿಯದೇ ಇರಬೇಕು. ಮೀನು ಹಿಡಿಯುವ ಗೆಳೆಯನ ದೋಣಿಗೆ ಕಟ್ಟಿ ಹಗ್ಗ ಎಳೆದರೆ ಚಾಲೂ ಏನೋ ಆಗುತ್ತಿತ್ತು. ಆದರೆ ಕಾರ್ಬುರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕಿ, ಸ್ವಲ್ಪ ಹೊತ್ತಿಗೆ ಗುಟುರು ಹಾಕಿ ನಿಲ್ಲುತ್ತಿತ್ತು. ಅತ್ತೆ ದಂಡೆಯ ಮೇಲೆಯೇ ಸೆರಗಿನಿಂದ ಮೂಗು ಮುಚ್ಚಿಕೊಂಡು ತೀರ್ಪು ಕೊಟ್ಟಳು.

"ಈ ವಾಸನಿ ಹೋಗೂತನಾ ನಾ ಇದನ್ನ ಹತ್ತಂಗಿಲ್ಲ. ಅಕ್ಕನ ಮುಂದ ಹೋಗಿ ವಾಂತಿ ಮಾಡ್ಕೊಂತ ಕುಂದರ್ಲೇನು?"

ಅಂದಿನಿಂದ ಸೋರುವ ಜಾಗ ಹುಡುಕುವುದೇ ನಮ್ಮ ಸಂಜೆಯ ಉದ್ಯೋಗವಾಯಿತು. ನಾನು ಅವನ ಸಹಾಯಕ. ಒಮ್ಮೆ ಮನೆಯ ಮಿಕ್ಸರ್ ಬಿಚ್ಚಿ ಜೋಡಿಸಿದ್ದೆ ಎಂಬುದೇ ನನ್ನ ಅರ್ಹತೆ. ಜೋಡಿಸಿದ ಮೇಲೆ ಎರಡು ಸ್ಕ್ರೂ ಕೈಯಲ್ಲೇ ಉಳಿದಿದ್ದವು ಎಂದು ಮಾಮಾನಿಗೆ ಯಾರೂ ಹೇಳಿರಲಿಲ್ಲ. ಮೊದಲು ರಬ್ಬರಿನ ನಳಿಗೆ ಬದಲಿಸಿದೆವು. ಸೋರಿತು. ಆಮೇಲೆ ಮಾಮಾ ದೇವರ ಕೋಣೆಯಿಂದ ವಿಭೂತಿ ಗಟ್ಟಿ ತಂದು, ಪುಡಿ ಮಾಡಿ ಕಾರ್ಬುರೇಟರಿಗೆಲ್ಲ ಬಳಿದ. ಒಣ ಪುಡಿ ಎಲ್ಲಿ ಒದ್ದೆಯಾಗುತ್ತದೋ ಅಲ್ಲಿ ಸೋರಿಕೆ ಎಂಬುದು ಅವನ ಲೆಕ್ಕ.

"ಎಂಜಿನ್ನಿಗೂ ದೀಕ್ಷಾ ಕೊಟ್ರೇನ್ರಿ?" ಎಂದಳು ಅತ್ತೆ.

ವಿಭೂತಿ ಒದ್ದೆಯಾದದ್ದು ಕೆಳಗಿನ ಬಟ್ಟಲು ಕೂಡುವ ಸಂದಿಯಲ್ಲಿ. ಸರಿ, ಸಂದಿಯಲ್ಲಿ ಸೋರದಂತೆ ಇಡುವ ಪ್ಯಾಕಿಂಗ್ ಹೋಗಿದೆ ಎಂದು ತೀರ್ಮಾನವಾಯಿತು. ಇಷ್ಟು ಹಳೆಯದಕ್ಕೆ ಹೊಸ ಪ್ಯಾಕಿಂಗ್ ಎಲ್ಲಿ ಸಿಗಬೇಕು? ಮಾಮಾ ಮದುವೆಯ ಕಾರ್ಡು ಕತ್ತರಿಸಿ ತಾನೇ ಮಾಡತೊಡಗಿದ. ಅದು ಲಗ್ನಗಳ ಕಾಲ. ಯಾರು ಬಂದು ಕಾರ್ಡು ಕೊಟ್ಟರೂ ಮಾಮಾ ಅದರ ಮೂಲೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ಭಾಳ ಛಲೋ ಐತ್ರಿ" ಎನ್ನುತ್ತಿದ್ದ. ವರನ ತಂದೆ ಹಿಗ್ಗುತ್ತಿದ್ದ. ಅರಿಷಿಣ ಹಚ್ಚಿದ ಎಷ್ಟೋ ಜೋಡಿ ಹೆಸರುಗಳು ಹೀಗೆ ಎಂಜಿನ್ ಸೇರಿದವು. ಮದುವೆಗಳು ಗಟ್ಟಿ ನಿಂತಿರಬೇಕು, ಪ್ಯಾಕಿಂಗ್ ಮಾತ್ರ ಒಂದೂ ನಿಲ್ಲಲಿಲ್ಲ. ಪ್ರತಿ ಸಂಜೆ ದಂಡೆಗೆ ಹೋಗುವುದು, ಚಾಲೂ ಮಾಡುವುದು, ಅದು ಗುಟುರು ಹಾಕಿ ನಿಲ್ಲುವುದು, ನಾವು ಮನೆಗೆ ಬರುವುದು. ಅತ್ತೆ ಬಾಗಿಲಲ್ಲಿ ನಮ್ಮ ಮುಖ ನೋಡಿ ಏನೂ ಕೇಳದೆ ಒಳಗೆ ಹೋಗುತ್ತಿದ್ದಳು. ಕೇಳಿ ಬೈದಿದ್ದರೇ ಚೆನ್ನಾಗಿತ್ತು.

ಕೊನೆಗೆ ಗುಟ್ಟು ಬಯಲಾದದ್ದು ನನ್ನ ಎಡವಟ್ಟಿನಿಂದ. ಕಾರ್ಬುರೇಟರಿನ ಒಳಗೆ ಬೆಂಡಿನ ತುಂಡೊಂದು ಇರುತ್ತದೆ. ಪೆಟ್ರೋಲ್ ತುಂಬಿದಂತೆ ಅದು ತೇಲಿ ಮೇಲೆದ್ದು, ಸೂಜಿಯೊಂದನ್ನು ಒತ್ತಿ, ಪೆಟ್ರೋಲ್ ಒಳಬರುವ ದಾರಿಯನ್ನು ಮುಚ್ಚಬೇಕು. ಬಿಚ್ಚುವಾಗ ನನ್ನ ಕೈ ಜಾರಿ ಆ ತುಂಡು ತೊಳೆಯಲು ಇಟ್ಟಿದ್ದ ಪೆಟ್ರೋಲಿನೊಳಗೆ ಬಿತ್ತು. ಬಿದ್ದದ್ದು ಸೀದಾ ತಳ ಸೇರಿತು.

ಮಾಮಾ ಬಗ್ಗಿ ನೋಡಿದ. "ಬೆಂಡು ಎಲ್ಲೆರ ಮುಳುಗ್ತೈತೇನಲೇ?"

ಹಳೆಯ ಬೆಂಡು, ಮೇಲಿನ ವಾರ್ನಿಶ್ ಕರಗಿಹೋಗಿ ಪೆಟ್ರೋಲನ್ನೆಲ್ಲ ಹೀರಿಕೊಂಡಿತ್ತು. ಅದು ಏಳುತ್ತಿರಲಿಲ್ಲ, ದಾರಿ ಮುಚ್ಚುತ್ತಿರಲಿಲ್ಲ. ಪೆಟ್ರೋಲ್ ಮೇಲಿನ ತೂತಿನಿಂದ ಉಕ್ಕಿ ಇಳಿದು ಕೆಳಗಿನ ಸಂದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಮಾಳಿಗೆ ಸೋರಿದರೆ ಗೋಡೆಯ ಬುಡ ಒದ್ದೆಯಾಗುವುದಿಲ್ಲವೇ, ಹಾಗೆ. ನಾವು ಇಷ್ಟು ದಿನ ಬುಡಕ್ಕೆ ಮದುವೆಯ ಕಾರ್ಡು ಅಂಟಿಸುತ್ತ ಕೂತಿದ್ದೆವು.

ಬೆಂಡನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೆರಳಿಗೆ ಬೆರಳು ಹತ್ತಿಕೊಳ್ಳುವಂಥ ಅಂಟು ಸಿಗುತ್ತದಲ್ಲ, ಅದನ್ನು ಸುತ್ತಲೂ ಬಳಿದೆವು. ನನ್ನ ಎರಡು ಬೆರಳೂ ಹತ್ತಿಕೊಂಡವು. ಮರುದಿನ ಎಂಜಿನ್ ಒಂದು ಹನಿಯೂ ಚೆಲ್ಲದೆ ಓಡಿತು. ಅತ್ತೆ ಬಂದು ಬಗ್ಗಿ ಮೂಸಿದಳು, ಇನ್ನೊಮ್ಮೆ ಮೂಸಿದಳು. ಇಳಕಲ್ ಸೀರೆಯ ನೆರಿಗೆ ಎತ್ತಿ ಹಿಡಿದು ದೋಣಿ ಹತ್ತಿದಳು.

ಆಚೆ ದಂಡೆ ಮುಟ್ಟಿ ಹಳ್ಳಿಗೆ ಹೋದಾಗ ಅತ್ತೆಯ ಅಕ್ಕ ಮನೆಯ ಕಟ್ಟೆಯ ಮೇಲೆಯೇ ಕೂತಿದ್ದಳು. ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಉಣ್ಣಲು ಕೂತಾಗ ದೊಡ್ಡದೊಂದು ಬುಟ್ಟಿ ತರಿಸಿ ನಡುವೆ ಇರಿಸಿದಳು. ಅದರ ತುಂಬ ಕಡಕ್ ರೊಟ್ಟಿ.

"ಇಷ್ಟ್ಯಾಕ ಬಡದಿ ಅಕ್ಕಾ?" ಎಂದಳು ಅತ್ತೆ.

"ನಿಮ್ಮ ಎಂಜಿನ್ ಸಪ್ಪಳ ನೀರ ಮ್ಯಾಲಿಂದ ಇಲ್ಲಿತನಾ ಕೇಳ್ತಿತ್ತು. ಚಾಲೂ ಆತಂದ್ರ ಇವತ್ತ ಬರ್ತಾಳ ಅಂತ ನಿನ್ನ ಪಾಲಿನ ರೊಟ್ಟಿ ಬಡೀತಿದ್ನಿ. ಬಂದ್ ಆತಂದ್ರ ಒಣಗಿಸಿ ಕಡಕ್ ಮಾಡಿ ಇದರಾಗ ಹಾಕ್ತಿದ್ನಿ."

"ಫೋನಿನ್ಯಾಗ ಒಂದ ಮಾತ ಹೇಳಬಾರದೇನ?"

"ಹೇಳಿದ್ರ ನಿಮಗ ಗಡಿಬಿಡಿ ಆಕ್ಕಿತ್ತು."

ಅತ್ತೆ ಒಂದು ರೊಟ್ಟಿ ಮುರಿದಳು, ತಿನ್ನಲಾಗಲಿಲ್ಲ. ಮಾಮಾ "ದೋಣಿ ನೋಡ್ಕೊಂಡ ಬರ್ತೇನಿ" ಎಂದು ಎದ್ದು ಹೋದ. ನಾನು ಬುಟ್ಟಿಗೆ ಕೈ ಹಾಕಿದೆ. ಅಷ್ಟು ಸುಖವಾಗಿ ನಾನು ಬೇರೆಲ್ಲೂ ಉಂಡದ್ದಿಲ್ಲ.

ಈಗಲೂ ನೀರು ತುಂಬಿರುವ ದಿನಗಳಲ್ಲಿ ಅತ್ತೆಯ ಸೋಮವಾರ ತಪ್ಪುವುದಿಲ್ಲ. ಇದನ್ನೆಲ್ಲ ನೆನೆಸಿಕೊಂಡು ಬಂಕಿನಿಂದ ಹೊರಬಂದವನು ಸ್ಕೂಟರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ನನಗೂ ಒಬ್ಬ ಅಕ್ಕ ಇದ್ದಾಳೆ, ಹುನಗುಂದ ದಾಟಿದರೆ ಇಳಕಲ್ಲಿನಲ್ಲಿ. ನಡುವೆ ಹಿನ್ನೀರಿಲ್ಲ, ನನಗೆ ಬಸ್ಸಿನಲ್ಲಿ ವಾಂತಿಯೂ ಆಗುವುದಿಲ್ಲ. ಫೋನ್ ಮಾಡಿ, ನಾಳೆ ಬರ್ತೇನಿ ಎಂದೆ.

"ಯಾಕೋ, ಏನಾತು? ಎಲ್ಲಾರೂ ಆರಾಮ ಅದೀರಿಲ್ಲೋ?" ಅಕ್ಕ ಗಾಬರಿಯಾಗಿದ್ದಳು.

"ಏನೂ ಆಗಿಲ್ಲ. ಸುಮ್ನ ಬರ್ತೇನಿ."

"ಸುಮ್ನನಾ?" ಎಂದಳು. ಆಮೇಲೆ, "ಹಂಗಾರ ಊಟಕ್ಕ ಬಾ" ಎಂದಳು.