ಹಡಗು ಹತ್ತಲು ದಾಕು

ರಸೆಲ್ ಮಾರುಕಟ್ಟೆಯ ಹಿಂದಿನ ನಮ್ಮ ಗಲ್ಲಿಯಲ್ಲಿ ಆ ಕಾಲಕ್ಕೆ ಯಾರಾದರೂ ದೂರದೂರಿಗೆ ಹೊರಟರೆ ಇಡೀ ಗಲ್ಲಿಯೇ ಹೊರಟ ಹಾಗೆ. ನನಗೆ ಒಂಬತ್ತು ವರ್ಷವಿದ್ದಾಗ ಎದುರುಮನೆಯ ಅಜ್ಜಿ, ಜುಲೇಖಾ ನಾನಿ, ಹಜ್‌ಗೆ ಹೊರಟರು. ಬೊಂಬಾಯಿವರೆಗೆ ರೈಲು, ಅಲ್ಲಿಂದ ಹಡಗು. ದಾರಿಯ ತಿಂಡಿಗೆಂದು ಅವರು ಹಿಟ್ಟು ಹುರಿಯುವ ಘಮ, ಸೋಂಪಿನ ಘಮ ನಮ್ಮ ಅಡುಗೆಮನೆಗೂ ಬರುತ್ತಿತ್ತು. ನಾವು ಹುಡುಗಿಯರು ಕುಂಟೆಬಿಲ್ಲೆ ಬಿಟ್ಟು ಅವರ ಜಗಲಿಯ ಮೇಲೆ ಹಡಗಿನಾಟ ಆಡತೊಡಗಿದ್ದೆವು.

ಆ ವರ್ಷ ಅಲ್ಲಲ್ಲಿ ಸಿಡುಬು ಎದ್ದಿತ್ತು. ದಾಕು, ಅಂದರೆ ಸಿಡುಬಿನ ಚುಚ್ಚುಮದ್ದು, ಹಾಕಿಸಿಕೊಂಡ ಸರ್ಟಿಫಿಕೇಟು ಇಲ್ಲದವರನ್ನು ಹಡಗು ಹತ್ತಿಸುವುದಿಲ್ಲ ಎಂದು ಕಾಗದ ಬಂತು. ನಾನಿಗೆ ಚಿಕ್ಕಂದಿನಲ್ಲೇ ಸಿಡುಬು ಬಂದು ಮುಖದ ತುಂಬ ಕಲೆ. ಮದುವೆಮನೆಗಳಲ್ಲಿ ಸೆರಗು ಎಳೆದುಕೊಂಡು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಓದಲು ಬಾರದ್ದರಿಂದ ಆಸ್ಪತ್ರೆಗೆ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು.

"ನನಗೆ ಆಗಿ ಹೋಗಿದೆ ಸಾಬ್, ಇನ್ನೊಂದ್ಸಲ ಬರಲ್ಲ. ಮುಖ ನೋಡಿ," ಎಂದು ಸೆರಗು ಸರಿಸಿದರು. ಅವರ ಮುಖವನ್ನು ನಾನು ಬೆಳಕಿನಲ್ಲಿ ಪೂರ್ತಿ ನೋಡಿದ್ದು ಅದೇ ಮೊದಲು.

ಕಂಪೌಂಡರು ಮೆಲ್ಲಗೆ ಹೇಳಿದರು: "ಬಂದರಿನಲ್ಲಿ ಮುಖ ನೋಡಲ್ಲಮ್ಮ, ಮೊಹರು ನೋಡ್ತಾರೆ."

ಸೂಜಿ ನೋಡಿ ನಾನಿ ತೋಳನ್ನು ಸೆರಗಿನೊಳಕ್ಕೆ ಎಳೆದುಕೊಂಡರು. "ನಂಗೆ ಮೊದ್ಲು ಹಾಕಿ," ಅಂದೆ. ನನಗೂ ಭಯವೇ. ಹಲ್ಲು ಕಚ್ಚಿ ಗೋಡೆ ನೋಡುತ್ತ ನಿಂತೆ. ಆಮೇಲೆ ನಾನಿ ತೋಳು ಚಾಚಿದರು. ವಾರವಿಡೀ ಇಬ್ಬರಿಗೂ ಜ್ವರ, ತೋಳಿನಲ್ಲಿ ಕೀವು.

ನಾನಿ ಹಜ್‌ಗೆ ಹೋಗಿ ಕೆಲವು ತಿಂಗಳಾದ ಮೇಲೆ ಹಡಗು ಬೊಂಬಾಯಿಗೆ ವಾಪಸಾಯಿತು, ಆದರೆ ನಾನಿ ಮನೆಗೆ ಬರಲಿಲ್ಲ. ಹಡಗಿನಲ್ಲಿ ಒಂದು ಮಗುವಿಗೆ ಸಿಡುಬು ಕಂಡಿತ್ತಂತೆ. ಬಂದವರನ್ನೆಲ್ಲ ಅಲ್ಲೇ ಎರಡು ವಾರ ಬೇರೆ ಇಟ್ಟಿದ್ದರು. ಅಮ್ಮ ದಿನಾ ಹೋಗಿ ನಾನಿಯ ಸೊಸೆಯ ಜೊತೆ ಕೂತು ಬರುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ ನಾನಿ ಜಟಕಾದಿಂದ ಇಳಿದರು. ತುಂಬ ಸೊರಗಿದ್ದರು.

"ಆ ಮಗೂನ ಮುಟ್ಟೋಕೆ ಎಲ್ರಿಗೂ ಹೆದರಿಕೆ ಬೇಟಿ. ಅದರ ತಾಯಿನೂ ಜ್ವರ ಬಂದು ಮಲಗಿಬಿಟ್ಟಿದ್ಲು. ನಂಗೇನು ಭಯ? ನಾನೇ ಎತ್ಕೊಂಡು ಕೂತೆ. ಆಸ್ಪತ್ರೆಯವರೂ ಬೇಡ ಅನ್ಲಿಲ್ಲ."

"ಉಳೀತಾ ನಾನಿ?"

"ಉಳೀತು. ಹೊರಡೋವಾಗ ನನ್ನ ಬಿಟ್ಟು ಹೋಗೋಕೆ ಒಲ್ಲೆ ಅಂತ ಅಳ್ತಿತ್ತು," ಎಂದು ಹೇಳಿ ನಾನಿಯೂ ಅತ್ತರು.

ಈಗ ಸಿಡುಬು ಲೋಕದಲ್ಲೇ ಇಲ್ಲ. ಹಜ್‌ಗೆ ಹಡಗೂ ಹೋಗುವುದಿಲ್ಲ. ನಾನು ಇಂದಿರಾನಗರದ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಕೊರೊನಾ ಕಾಲದಲ್ಲಿ ಎದುರುಮನೆಯ ಬಾಗಿಲಿಗೆ ಕ್ವಾರಂಟೈನ್ ನೋಟಿಸು ಅಂಟಿಸಿದ ದಿನ, ಊಟ ಕಳಿಸಲೇ ಎಂದು ಕೇಳಲು ಇಂಟರ್‌ಕಾಮ್ ಎತ್ತಿಕೊಂಡೆ. ಎಂಟು ವರ್ಷದ ನೆರೆಹೊರೆ. ಆ ಕಡೆಯಿಂದ "ಹಲೋ" ಅಂದ ಹೆಂಗಸಿನ ಹೆಸರು ನನಗೆ ಗೊತ್ತಿರಲಿಲ್ಲ.