ಮಗ್ಗಗಳು ನಿಂತ ಮಧ್ಯಾಹ್ನ

ಅಪ್ಪ ರಾತ್ರಿ ಮಲಗುತ್ತಿರಲಿಲ್ಲ. ಕಾರ್ಗಿಲ್ ಬೆಟ್ಟಗಳಲ್ಲಿ ಯುದ್ಧ ಮಾಡಿ, ಆಮೇಲೆ ಸೈನ್ಯ ಬಿಟ್ಟು, ನಾರಾಯಣಪೇಟೆಯ ನೇಕಾರರ ಬೀದಿಯಲ್ಲಿದ್ದ ನಮ್ಮ ಮನೆಗೆ ಮರಳಿದಾಗ ನಾನು ಮೂರನೇ ತರಗತಿಯಲ್ಲಿದ್ದೆ. ಅಂದಿನಿಂದ ಅಪ್ಪನ ನಿದ್ದೆ ಎಂದರೆ ಮಧ್ಯಾಹ್ನದ್ದು. ಉಂಡು ಮಂಚದ ಮೇಲೆ ಗೋಡೆಗೆ ಬೆನ್ನು ಹಚ್ಚಿ ಒರಗಿದರೆ ಇಳಿಹೊತ್ತಿನವರೆಗೆ ಗಾಢ ನಿದ್ದೆ. ಅದೇ ಕೋಣೆಯಲ್ಲಿ ಅವ್ವ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಳು. ರಾತ್ರಿಯಿಡೀ ಅಪ್ಪನ ಹಿಂದೆ ಅಂಗಳದಲ್ಲಿ ತಿರುಗಿದವಳಿಗೆ ಆ ಹೊತ್ತೇ ಬಿಡುವು.

ಗದ್ವಾಲದ ಡಾಕ್ಟರು ಅಪ್ಪ ಮಲಗಿದ್ದನ್ನು ಬರೆದಿಡಲು ಹೇಳಿದ್ದರು. ತಾರೀಖು ಹಾಕಿ ಬರೆಯುವ ಚಟ ನನಗೆ ಮೊದಲೇ ಇತ್ತು. ಮಲಗಿದ ದಿನಕ್ಕೊಂದು ಗೀಟು ಎಳೆಯುತ್ತಿದ್ದೆ. ಆಗ ನಾನು ಮಕ್ತಲದ ಕಾಲೇಜಿಗೆ ಹೋಗಿಬರುತ್ತಿದ್ದೆ. ನಾನಿಲ್ಲದ ದಿನಗಳ ಗೀಟನ್ನು ಅವ್ವ ಬಾಯಲ್ಲಿ ಹೇಳುತ್ತಿದ್ದಳು.

ತೆಲಂಗಾಣ ಆಗುತ್ತದೆಂಬ ಸುದ್ದಿ ದೆಹಲಿಯಿಂದ ಬಂದ ದಿನ ಮಧ್ಯಾಹ್ನ ಇಡೀ ಬೀದಿ ಮಗ್ಗ ಬಿಟ್ಟೆದ್ದು ಮೂಲೆಮನೆಯ ಟಿ.ವಿ. ಮುಂದೆ ಹೋಗಿ ಕೂತಿತು. ಅವ್ವನೂ ಹೋಗಿದ್ದಳು. ಆಗ ಅಪ್ಪ ಮಂಚದಿಂದ ಜಿಗಿದು ಹೊರಗೋಡಿ, ಎದುರುಮನೆ ಅಜ್ಜಿಯ ಮೊಮ್ಮಗುವನ್ನು ನೆಲಕ್ಕೆ ಕೆಡವಿ, ಅದರ ಮೇಲೆ ತಾನು ಬೋರಲು ಬಿದ್ದು, "ತಲಿ ತಗ್ಗಸ್ರಿ! ತಲಿ ತಗ್ಗಸ್ರಿ!" ಎಂದು ಕೂಗಿದ. ಮಗುವಿನ ಮೊಣಕಾಲು ತರಚಿತು, ಅಷ್ಟೇ. ಆದರೆ ಆ ಕೂಗನ್ನು ಬೀದಿ ಮರೆಯಲಿಲ್ಲ.

ಮರುದಿನ ಸಂಜೆ ಹಿರಿಯರು ಕಟ್ಟೆಯ ಮೇಲೆ ಸೇರಿದರು. ಮಗ್ಗದ ಸದ್ದು ಫೌಜಿಗೆ ಬಂದೂಕಿನ ಹಾಗೆ ಕೇಳುತ್ತದೆ ಎಂದು ಒಬ್ಬರು ಅಂದರು, ಉಳಿದವರು ಹೌದೆಂದರು. ಬೀದಿಯಲ್ಲಿ ಅಪ್ಪನನ್ನು ಎಲ್ಲರೂ ಕರೆಯುತ್ತಿದ್ದುದು ಫೌಜಿ ಎಂದೇ. ಮಗು ಬಿದ್ದ ಮನೆಯ ಅಜ್ಜಿಯೇ ನಮ್ಮ ಬಾಗಿಲಿಗೆ ಬಂದು ಹೇಳಿದಳು:

"ಫೈಸಲಾ ಆತವ್ವಾ. ಉಂಡ ಮ್ಯಾಲೆ ಹೊತ್ತು ಇಳಿಯೋತನಕ ಯಾರೂ ಮಗ್ಗ ಆಡಸಂಗಿಲ್ಲ. ದೇಶಕ್ಕ ಕಾದಾಡಿದವ್ನು, ಅಷ್ಟರ ಮಲಗಲಿ."

ಅವ್ವ ಅವಳ ಕಾಲಿಗೆ ಬಿದ್ದಳು. ಎದ್ದಾಗ ಅವ್ವನ ಮುಖ ಸುಣ್ಣದ ಹಾಗಿತ್ತು.

ಅದೇಕೆಂದು ಮೊದಲ ದಿನವೇ ನನಗೆ ತಿಳಿಯಿತು. ಬೀದಿಯ ಮಗ್ಗಗಳು ಒಂದೊಂದಾಗಿ ನಿಂತವು. ಅಪ್ಪ ಮಂಚದ ಮೇಲೆ ಎದ್ದು ಕೂತ. ಕಿವಿ ಬಾಗಿಲ ಕಡೆ, ಕೈಗಳು ಮೊಣಕಾಲನ್ನು ಬಿಗಿಯಾಗಿ ಹಿಡಿದಿದ್ದವು. ಮರುದಿನವೂ ಹಾಗೆಯೇ. ನಾನು ಗೀಟು ಎಳೆಯುವುದೇ ನಿಂತಿತು.

"ಗುಡ್ಡದಾಗ ಗುಂಡಿನ ಸದ್ದು ಇರೋತನಕ ಭಯ ಇಲ್ಲಂತ," ಎಂದು ಅವ್ವ ರೊಟ್ಟಿ ಬಡಿಯುತ್ತ ಹೇಳಿದಳು. "ಗಪ್ಪನ ನಿಂತ್ರ ಆಗ ದಾಳಿ ಬಂತಂತ ತಿಳ್ಕೊಬೇಕಂತ. ಲಗ್ನಾದಾಗಿಂದ ಇಷ್ಟ ಮಾತು ನಿಮ್ಮಪ್ಪ ನನಗ ಹೇಳ್ಯಾನ, ಮತ್ತ ಯಾರಿಗೂ ಹೇಳಿಲ್ಲ."

"ಹಂಗಾರ ಬೀದಿಯವರಿಗೆ ಹೇಳವ್ವಾ!"

"ಏನಂತ ಹೇಳ್ಲಿ? ಅವರು ತಮ್ಮ ದುಡಿಮಿ ಬಿಟ್ಟು ಕೊಟ್ಟಾರ. ಬ್ಯಾಡ ಅನ್ನಾಕ ಯಾವ ಬಾಯಿ ತರ್ಲಿ? ಗಪ್ಪ ಇದ್ರ ಅಂಜ್ತಾನ ಅಂದ್ರ, ಫೌಜಿಗೆ ಪೂರಾ ತಲಿ ಕೆಟ್ಟೈತಿ ಅಂತಾರ."

ಆ ಹೊತ್ತಿನಲ್ಲಿ ಅವಳು ನೇಯುವಂತೆಯೂ ಇರಲಿಲ್ಲ. ನಿನ್ನ ಗಂಡನಿಗಾಗಿ ನಾವು ಕೈ ಕಟ್ಟಿ ಕೂತರೆ ನೀನು ಸೀರೆ ನೇಯ್ದು ಇಳಿಸುತ್ತೀಯಾ ಎಂದಾರು. ನಳದ ಹತ್ತಿರ ಒಬ್ಬಳು ಆಗಲೇ ಅಂದಿದ್ದಳು: "ನಿದ್ದಿ ಫೌಜಿಗೆ, ಉಪಾಸ ನಮಗ."

ಹೀಗಾಗಿ ಅವ್ವ ಮಗ್ಗದಿಂದ ಒಂದು ಲಾಳಿ ತೆಗೆದುಕೊಂಡು ಮಂಚದ ಕಾಲಬಳಿ ಕೂತಳು. ನೂಲಿನ ಉರುಳೆ ಇಟ್ಟು ಹಾಸಿನ ಎಳೆಗಳ ನಡುವೆ ಅತ್ತಿತ್ತ ಓಡಿಸುವ ಆ ಮರದ ತುಂಡಿನಿಂದ ಮಂಚದ ಪಟ್ಟಿಯ ಮೇಲೆ ಕಟಕ್, ಟಕ್ ಎಂದು ಬಡಿಯತೊಡಗಿದಳು. ಹೊರಗೆ ಕೇಳದಷ್ಟು ಮೆಲ್ಲಗೆ, ಮಗ್ಗದ್ದೇ ಲಯದಲ್ಲಿ. ಅಪ್ಪನ ಹೆಗಲು ಇಳಿಯಿತು. ಕಣ್ಣು ಮುಚ್ಚಿದವು. ಅವ್ವ ಕೈ ನಿಲ್ಲಿಸಿದಾಗ ತೆರೆದವು. ಮತ್ತೆ ಬಡಿದಳು.

ನಾನು ಮನೆಯಲ್ಲಿದ್ದ ದಿನ ಲಾಳಿ ಇಸಿದುಕೊಂಡು ಬಡಿಯಲು ನೋಡಿದೆ. ನನಗೆ ನೇಯ್ಗೆ ಬಾರದು. ಲಯ ತಪ್ಪುತ್ತಿತ್ತು, ಅಪ್ಪ ಬೆಚ್ಚಿ ಏಳುತ್ತಿದ್ದ. "ಕೊಡಿಲ್ಲಿ, ನಿನ್ನ ಕಾಲೇಜಿನ್ಯಾಗ ಇದನ್ನ ಕಲಸಂಗಿಲ್ಲ," ಎಂದು ಅವ್ವ ನಗುತ್ತ ಕಸಿದುಕೊಳ್ಳುತ್ತಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ಆ ನಗೆ ನಿಂತಿತು. ಬಲಗೈ ಮಣಿಕಟ್ಟು ಬಾತು, ಅರಿಶಿನ ಹಚ್ಚಿ ಬಟ್ಟೆ ಸುತ್ತಿದ್ದಳು. ಬೆಳಗಿನಲ್ಲಿ ಮಗ್ಗಕ್ಕೆ ಕೂತರೂ ಸೆರಗಿನ ರೇಷ್ಮೆ ಎಳೆ ಕೈಗೆ ಸಿಗುತ್ತಿರಲಿಲ್ಲ. ಬಂದವರೆಲ್ಲ ಬಾಗಿಲಲ್ಲೇ ನಿಂತು, "ಫೌಜಿ ಹೆಂಗದಾನ್ರಿ?" ಎನ್ನುತ್ತಿದ್ದರು. "ಆರಾಮದಾನ್ರಿ," ಎಂದು ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು.

ಜೂನ್ ಎರಡು, ಸೋಮವಾರ. ಹೊಸ ರಾಜ್ಯದ ಮೊದಲ ದಿನ. ಮಧ್ಯಾಹ್ನ ಎದುರುಮನೆ ಅಜ್ಜಿ ತಟ್ಟೆಯಲ್ಲಿ ಹೋಳಿಗೆ ಮುಚ್ಚಿಕೊಂಡು ಸದ್ದಾಗದಂತೆ ಒಳಗೆ ಬಂದಳು. ಅಪ್ಪ ಮಲಗಿದ್ದ. ಅವ್ವ ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿ ಬಡಿಯುತ್ತಿದ್ದಳು.

ಅಜ್ಜಿ ಲಾಳಿಯ ಕಡೆ ಬಗ್ಗಿ ನೋಡಿದಳು. "ಇದೇನವ್ವಾ?"

ನಾನೇ ಹೇಳಿದೆ. ಅವ್ವ ಕಣ್ಣಿನಿಂದ ಬೇಡ ಬೇಡ ಎನ್ನುತ್ತಿದ್ದಳು, ಆದರೆ ಕೈ ನಿಲ್ಲಿಸುವಂತಿರಲಿಲ್ಲ.

"ಅಯ್ಯ ನನ್ನ ಹೆಣಾ ಎತ್ತ!" ಅಜ್ಜಿ ತಟ್ಟೆಯನ್ನು ನೆಲಕ್ಕಿಟ್ಟಳು. "ಹುಚ್ಚಿ, ಬಾಯಾಗ ನಾಲಿಗಿ ಇರಲಿಲ್ಲೇನ ನಿನಗ? ನಾವೇನು ಹುಲಿ ಇದ್ವೇನ? ಅಲ್ಲಿ ನಾವು ಮುದುಕರು ಸುಮ್ಮನ ಕುಂತು ನೊಣ ಹೊಡಿಯಾಕತ್ತೀವಿ, ಇಲ್ಲಿ ನೀನು..." ಮಾತು ಮುಗಿಸದೆ ಅವ್ವನ ಕೈ ಹಿಡಿದು ಬಾತದ್ದನ್ನು ಮುಟ್ಟಿ ನೋಡಿದಳು. "ಫೌಜಿ ಹೆಂಗದಾನ ಅಂತ ದಿನಾ ಕೇಳಿದೆ. ನಿನ್ನ ಕೇಳಲಿಲ್ಲಲ್ಲವ್ವಾ."

ಮರುದಿನ ಮಧ್ಯಾಹ್ನ ಬೀದಿಯ ಮಗ್ಗಗಳೆಲ್ಲ ಆಡಿದವು. ಅಪ್ಪ ಮಲಗಿದ. ಅವ್ವ ನೆಲದ ಮೇಲೆ ಚಾಪೆಯಿಲ್ಲದೆ ಮಲಗಿ ಸಂಜೆಯವರೆಗೆ ಏಳಲಿಲ್ಲ. ನಿದ್ದೆಯಲ್ಲೂ ಅವಳ ಬಲಗೈ ಬೆರಳುಗಳು ನೆಲ ಬಡಿಯುತ್ತಿದ್ದವು. ಸೋದರಮಾವ ಅವಳನ್ನು ತವರೂರು ಗದ್ವಾಲಕ್ಕೆ ಕರೆದೊಯ್ದು ಕೈ ತೋರಿಸಿದ. ಒಳಗಿನ ನರ ಸವೆದಿದೆ, ಮೊದಲಿನ ಹಿಡಿತ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಅವಳು ಮತ್ತೆ ಸೀರೆ ಇಳಿಸಲಿಲ್ಲ. ನಮ್ಮ ಮಗ್ಗದ ಕುಣಿಯನ್ನು ಹಲಗೆ ಹಾಕಿ ಮುಚ್ಚಿದೆವು.

ಐದು ವರ್ಷದ ಮೇಲೆ, ನಾರಾಯಣಪೇಟೆ ಜಿಲ್ಲೆಯಾದ ವರ್ಷ ಅಪ್ಪ ತೀರಿಕೊಂಡ, ಒಂದು ಮಧ್ಯಾಹ್ನ, ನಿದ್ದೆಯಲ್ಲೇ. ಬೀದಿಯಲ್ಲಿ ಸಾವಾದರೆ ಮೂರನೆಯ ದಿನದ ಎಡೆ ಮುಗಿಯುವವರೆಗೆ ಯಾರೂ ಮಗ್ಗ ಮುಟ್ಟುವುದಿಲ್ಲ. ಅದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಮಣ್ಣು ಕೊಟ್ಟು ಬಂದ ಮರುದಿನ ಊಟದ ಹೊತ್ತು ದಾಟಿದರೂ ಬೀದಿಯಲ್ಲಿ ಒಂದು ಸದ್ದಿಲ್ಲ. ಅವ್ವ ಎದ್ದು ಹೋಗಿ ಗೂಡಿನಲ್ಲಿದ್ದ ಲಾಳಿ ತಂದು ಖಾಲಿ ಮಂಚದ ಕಾಲಬಳಿ ಕೂತಳು. ಕಟಕ್, ಟಕ್.

"ಅವ್ವಾ, ಬ್ಯಾಡವ್ವಾ. ಇಲ್ಲಲ್ಲವ್ವಾ ಅಪ್ಪ."

"ಗೊತ್ತೈತಿ. ಗಪ್ಪ ಐತಲ್ಲ, ಅದಕ್ಕ," ಎಂದಳು. ಕೈ ನಿಲ್ಲಲಿಲ್ಲ. ಮಣಿಕಟ್ಟು ಮತ್ತೆ ಬಾತುಕೊಳ್ಳತೊಡಗಿತ್ತು.

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಈ ಸಲ ಅವಳು ಬಯ್ಯಲಿಲ್ಲ, ಒಳಗೂ ಬರಲಿಲ್ಲ. ತಿರುಗಿ ತನ್ನ ಮನೆಗೆ ಹೋದಳು. ಒಳಗಿನಿಂದ ಅವಳ ಮಗನ ಗಾಬರಿಯ ದನಿ ಕೇಳಿತು: "ಅವ್ವಾ, ಸೂತಕ ಐತಿ! ಮಂದಿ ಏನಂತಾರ?"

"ಅನ್ನಲಿ. ನೀನು ಸರಕೋ ಅತ್ಲಾಗ."

ಆಮೇಲೆ ಎದುರುಮನೆಯ ಮಗ್ಗ ಆಡತೊಡಗಿತು. ಮುದುಕಿಯ ಕಾಲು, ನಿಧಾನ, ನಡುನಡುವೆ ತಡೆಯುತ್ತಿತ್ತು. ಅವ್ವನ ಕೈ ನಿಂತಿತು. ಮಂಚದ ಪಟ್ಟಿಗೆ ಹಣೆ ಹಚ್ಚಿದಳು. ಲಾಳಿಯನ್ನು ಬಿಡಿಸಿಕೊಳ್ಳಲು ಹೋದೆ, ಬೆರಳುಗಳು ಸಡಿಲಲಿಲ್ಲ. ಹಾಗೆಯೇ ಬಿಟ್ಟು, ಅವಳ ಪಕ್ಕದಲ್ಲಿ ಕೂತೆ.