ಅಕ್ಕನ ವಸಡು, ಅಪ್ಪನ ಉಳಿ

ನಮ್ಮ ಅಕ್ಕ ಎರಡನೆಯ ಹೆರಿಗೆಗೆಂದು ತವರಿಗೆ ಬಂದಾಗ ಅವಳ ಬಾಯಲ್ಲಿ ಒಂದು ಹಲ್ಲೂ ಹುಳುಕಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಹುಳುಕಿಲ್ಲದ ಹಲ್ಲಿಗೆ ಏನೂ ಆಗುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದೆವು, ಅಕ್ಕನೂ ನಂಬಿದ್ದಳು.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮದು ನೊಣವಿನಕೆರೆ ಕಡೆಯ ಊರು, ಮನೆಯ ಹಿಂದೆಯೇ ತೆಂಗಿನ ತೋಟ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಅಕ್ಕನನ್ನು ಕೊಟ್ಟಿದ್ದು ಚಿಕ್ಕನಾಯಕನಹಳ್ಳಿಯಿಂದ ಆಚೆಗೆ. ತುಂಬಿದ ಬಸುರಿ, ಬೆಳಿಗ್ಗೆ ಎದ್ದು ಬಚ್ಚಲ ಹತ್ತಿರ ನಿಂತು ಹಲ್ಲುಜ್ಜುತ್ತಿದ್ದಳು. ಬಚ್ಚಲೊಲೆಯಲ್ಲಿ ಉರಿದ ಕೊಬ್ಬರಿ ಚಿಪ್ಪಿನ ಇದ್ದಿಲನ್ನು ಉಪ್ಪಿನ ಜೊತೆ ಕುಟ್ಟಿ ಡಬ್ಬಿಯಲ್ಲಿ ಇಟ್ಟಿರುತ್ತಿದ್ದೆವು, ಅದೇ ನಮ್ಮೆಲ್ಲರ ಹಲ್ಲುಪುಡಿ. ಅಕ್ಕ ಉಗಿದರೆ ಕರಿಯ ನೀರಿನಲ್ಲಿ ಕೆಂಪು ಎಳೆ ಕಾಣುತ್ತಿತ್ತು. ಒಂದು ದಿನ ಅದು ಅಜ್ಜಿಯ ಕಣ್ಣಿಗೆ ಬಿತ್ತು.

"ಏನೇ ಅದು, ಬೆಳಿಗ್ಗೆ ಬೆಳಿಗ್ಗೆನೇ ಎಲೆಅಡಿಕೆ ಹಾಕ್ಕಂಡಿದ್ಯಾ?"

"ಇಲ್ಲ ಕಣಜ್ಜಿ, ವಸಡಿಂದ ಬತ್ತೈತೆ. ಉಜ್ಜಿದ್ರೆ ಸಾಕು, ಬತ್ತೈತೆ."

"ಹಂಗಾರೆ ಉಜ್ಜಬ್ಯಾಡ ಬುಡು. ಬಸುರಿ ವಸಡು ಬೆಣ್ಣೆ ಇದ್ದಂಗೆ. ಮಗ ಈಚೆಗೆ ಬಂದ್ಮೇಲೆ ತಾನೇ ಗಟ್ಟಿಯಾಗ್ತೈತೆ."

ಅಜ್ಜಿ ಬಾಯಿಗೆ ಬಂದದ್ದನ್ನು ಹೇಳುವ ಹೆಂಗಸಲ್ಲ. ಮೊದಲ ಬಸುರಿನಲ್ಲೂ ಅಕ್ಕನಿಗೆ ಹೀಗೇ ರಕ್ತ ಬಂದು, ಹೆರಿಗೆಯಾದ ಮೇಲೆ ನಿಂತಿತ್ತು. ಅಕ್ಕ ಪುಡಿಯ ಡಬ್ಬಿ ಮುಟ್ಟುವುದನ್ನು ಬಿಟ್ಟಳು.

ಹೆಣ್ಣು ಮಗು ಹುಟ್ಟಿತು. ನಮ್ಮ ಕಡೆ ಬಾಣಂತಿಯ ಹಲ್ಲಿಗೂ ಒಂದು ಕಟ್ಟಳೆ ಇತ್ತು. ಹೆತ್ತ ಮೈಯಲ್ಲಿ ಮೂಳೆಯೆಲ್ಲ ಸಡಿಲ, ಆಗ ಅಲುಗಿದ ಹಲ್ಲು ಜನ್ಮಕ್ಕೂ ನಿಲ್ಲುವುದಿಲ್ಲ ಎಂದು ಕಡ್ಡಿ, ಇದ್ದಿಲು, ಬೆರಳು ಯಾವುದನ್ನೂ ಬಾಯಿಗೆ ಹಾಕಗೊಡುತ್ತಿರಲಿಲ್ಲ. ಬಿಸಿನೀರು ಮುಕ್ಕಳಿಸುವುದು, ಊಟವಾದ ಮೇಲೆ ಎಲೆಅಡಿಕೆ ಸುಣ್ಣ, ಅಷ್ಟೇ. ಅವ್ವ ಹಂಡೆಗಟ್ಟಲೆ ನೀರು ಹೊಯ್ದಳು, ಸಾಂಬ್ರಾಣಿ ಹೊಗೆ ಕೊಟ್ಟಳು, ಕೊಬ್ಬರಿ ಬೆಲ್ಲ ಮೆಂತ್ಯದ ಉಂಡೆ ಕಟ್ಟಿ ತಿನ್ನಿಸಿದಳು. ಅದಕ್ಕಿಂತ ಅಕ್ಕರೆಯ ಬಾಣಂತನವನ್ನು ನಾನು ಕಂಡಿಲ್ಲ. ಅಷ್ಟು ಅಕ್ಕರೆಯಲ್ಲೇ ಅಕ್ಕನ ವಸಡು ಕೊಳೆಯತೊಡಗಿತು.

ಈ ಸಲ ರಕ್ತ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಕಲೆ ಇರುತ್ತಿತ್ತು. ವಸಡು ನೇರಳೆ ಬಣ್ಣಕ್ಕೆ ತಿರುಗಿ ಊದಿತ್ತು. ಬಾಯಿ ವಾಸನೆ ಬರುತ್ತದೆಂದು ಅಕ್ಕ ಮಗುವನ್ನು ಆಡಿಸುವಾಗ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಆಡಿಸುತ್ತಿದ್ದಳು. ಮಗು ಅವಳ ಮುಖ ಹುಡುಕಿಕೊಂಡು ಕತ್ತು ತಿರುಗಿಸುತ್ತಿತ್ತು. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು ಕೆಳತುಟಿ ಮಡಿಸಿ ತೋರಿಸಿದಳು. ಮುಂದಿನ ಎರಡು ಹಲ್ಲು ನಾಲಿಗೆಯ ತುದಿ ತಾಗಿದರೆ ಅಲುಗುತ್ತಿದ್ದವು.

"ಅವ್ವಂಗೆ ಹೇಳ್ಬ್ಯಾಡ ಕಣೇ."

"ಹೇಳ್ದೆ ಹೆಂಗಕ್ಕ ಇರದು?"

"ನಂಗಿನ್ನೂ ಇಪ್ಪತ್ತಾರು. ಈಗ್ಲೇ ಬೊಚ್ಚುಬಾಯಿ ಆಗೋದ್ರೆ ಆ ಊರಾಗೆ ಹೆಂಗೇ ತಲೆ ಎತ್ಲಿ? ಇವು ಉಳಿಯಂಗೆ ಏನಾರ ಇದ್ರೆ ನೋಡೇ."

ಅವ್ವನಿಗೆ ಹೇಳಿದೆ. ಅವ್ವ ಅಜ್ಜಿಗೆ ಹೇಳಿದಳು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಗೊತ್ತಾಯಿತು. ದೊಡ್ಡವ್ವ ಜಾಲಿ ಚಕ್ಕೆ ಕುದಿಸಿದ ಕಷಾಯ ತಂದಳು. ಇನ್ನೊಬ್ಬರು ಪಟಿಕ ಸುಟ್ಟು ಪುಡಿ ಮಾಡಿ ಕೊಟ್ಟರು. ಎದುರು ಮನೆಯ ಮುದುಕಿ ಸೊಂಟದ ಎಲೆಅಡಿಕೆ ಗಂಟಿನಿಂದ ಹೊಗೆಸೊಪ್ಪು ಚಿವುಟಿ ಚಾಚಿತು.

"ದವಡೆ ಸಂದಿಗೆ ಇಟ್ಕಳವ್ವ. ನಂಗೂ ಹಿಂಗೇ ಆಗಿತ್ತು. ಇದ್ನ ಇಟ್ಕಂಡೆ, ನೋವೇ ಹೋಯ್ತು."

"ನೋವು ಹೋಯ್ತೋ, ಹಲ್ಲು ಹೋಯ್ತೋ?" ಎಂದಳು ಅಜ್ಜಿ.

ಮುದುಕಿ ಬಾಯಿ ತೆರೆದು ತೋರಿಸಿತು. ಅಲ್ಲೊಂದು ಇಲ್ಲೊಂದು ಉಳಿದಿದ್ದವು. "ಎಲ್ಡೂ ಹೋದ್ವು ಕಣೇ" ಎಂದಿತು. ಎಲ್ಲರೂ ನಕ್ಕೆವು. ಅಕ್ಕನೂ ನಕ್ಕಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು. ಅವಳು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಕಷಾಯದಿಂದ ಒಂದೆರಡು ದಿನ ವಸಡು ಬಿಗಿದಂತಾಗುತ್ತಿತ್ತು, ಮತ್ತೆ ಊದುತ್ತಿತ್ತು. ಕಡೆಗೆ ಅವ್ವನೇ ಹಟ ಹಿಡಿದು, ತಲೆಗೆ ಬಟ್ಟೆ ಕಟ್ಟಿಸಿ, ಕಿವಿಗೆ ಹತ್ತಿ ಇಟ್ಟು, ಅಕ್ಕನನ್ನು ತಿಪಟೂರಿಗೆ ಹೊರಡಿಸಿದಳು. ಅಲ್ಲಿ ಔಷಧಿ ಅಂಗಡಿಯ ಮೇಲಿನ ಕೋಣೆಗೆ ವಾರಕ್ಕೊಂದು ದಿನ ಹಲ್ಲಿನ ಡಾಕ್ಟರು ಬರುತ್ತಿದ್ದರು. ಅಪ್ಪ ಮುಂದೆ, ಅಕ್ಕ ಹಿಂದೆ, ಮಗುವನ್ನೆತ್ತಿಕೊಂಡು ನಾನು.

ಡಾಕ್ಟರು ಸಣ್ಣ ಕನ್ನಡಿಯನ್ನು ಅಕ್ಕನ ಕೈಗೆ ಕೊಟ್ಟು, ಹಲ್ಲಿನ ಬುಡದಲ್ಲಿ ಕಟ್ಟಿದ್ದ ಹಳದಿ ಮಿಶ್ರಿತ ಕಂದು ಗೆರೆಯನ್ನು ತೋರಿಸಿದರು. "ನೋಡಮ್ಮ, ತಿಂದದ್ದು ಇಲ್ಲಿ ಅಂಟಂಟಾಗಿ ಕೂರುತ್ತೆ. ದಿನಾ ತೆಗೀದಿದ್ರೆ ಕಲ್ಲಾಗುತ್ತೆ. ಕಲ್ಲು ಇದ್ದಷ್ಟು ದಿನ ವಸಡು ಊದುತ್ತೆ, ರಕ್ತ ಬರುತ್ತೆ. ಹಾಗೇ ಬಿಟ್ರೆ ಒಳಗೆ ಹಲ್ಲನ್ನ ಹಿಡ್ಕೊಂಡಿರೋ ಮೂಳೆ ಕರಗುತ್ತಾ ಹೋಗುತ್ತೆ. ನಿನ್ನ ಹಲ್ಲಿಗೇನೂ ಆಗಿಲ್ಲ, ಗಟ್ಟಿಯಾಗೇ ಇದೆ. ಅದು ನಿಂತಿರೋ ನೆಲ ಹೋಗ್ತಿದೆ."

"ರಕ್ತ ಬತ್ತಿತ್ತು ಸಾರ್, ಅದಕ್ಕೇ ಉಜ್ಜದು ಬುಟ್ಟಿದ್ದು" ಎಂದಳು ಅಕ್ಕ.

"ಬಿಟ್ಟಿದ್ದಕ್ಕೇ ಹೆಚ್ಚಾಯ್ತು. ಬಸುರಿನಲ್ಲಿ ವಸಡು ಬೇಗ ಊದುತ್ತೆ. ಆಗಲೇ ಇನ್ನೂ ಚೆನ್ನಾಗಿ, ಮೃದುವಾಗಿ ಉಜ್ಜಬೇಕಿತ್ತು."

ಅವರು ಕೊಕ್ಕೆಯಂಥ ಸಲಕರಣೆ ಕೈಗೆತ್ತಿಕೊಂಡಾಗ ಅಪ್ಪ ಎದ್ದು ನಿಂತರು. ರಕ್ತ ಬರುವ ಜಾಗವನ್ನೇ ಕೆರೆಯುತ್ತೀರಾ ಎಂದು ಕೇಳಿದರು. ಬೇಡ, ಎದ್ದೇಳವ್ವ, ಹೋಗೋಣ ಎಂದು ಅಕ್ಕನ ತೋಳು ಹಿಡಿದೇಬಿಟ್ಟರು. ಡಾಕ್ಟರಿಗೆ ನಮ್ಮ ಸೀಮೆಯ ಜನ ಗೊತ್ತು. ಗದರಲಿಲ್ಲ.

"ತೋಟ ಇದೆಯಾ ಯಜಮಾನ್ರೇ?"

"ಐತೆ."

"ಮರದ ಬುಡದಲ್ಲಿ ಕೆಂಪುರಸ ಸೋರೋಕೆ ಶುರುವಾದ್ರೆ ಏನ್ ಮಾಡ್ತೀರಿ?"

"ಉಳಿ ತಗಂಡು ಕೊಳೆತಿರದ್ನೆಲ್ಲ ಕೆತ್ತಿ ತೆಗೀತೀವಿ. ಒಳ್ಳೆ ಭಾಗ ಕಾಣೋಗಂಟ ಕೆತ್ತಿ, ಟಾರು ಕಾಯಿಸಿ ಬಳೀತೀವಿ. ಇಲ್ದಿದ್ರೆ ಮರ ಹೋಯ್ತದೆ."

"ಇದೂ ಅಷ್ಟೇ."

ಅಪ್ಪನ ಮುಖ ಹಗುರಾಯಿತು. ತಾವೇ ಅಕ್ಕನ ಹಣೆ ಹಿಡಿದು ನಿಂತರು. ಅಕ್ಕ ಕುರ್ಚಿಯ ಕೈ ಬಿಗಿಹಿಡಿದು ಕಣ್ಣು ಮುಚ್ಚಿದಳು. ಬಟ್ಟಲಿಗೆ ಉಗಿದಾಗಲೆಲ್ಲ ರಕ್ತದ ಜೊತೆ ಕಲ್ಲಿನ ಚೂರು ಟಣ್ಣೆಂದು ಬೀಳುತ್ತಿತ್ತು. ಮುಗಿದ ಮೇಲೆ ಡಾಕ್ಟರು ನಿಧಾನವಾಗಿ ಹೇಳಿದರು. ಮೆತ್ತನೆಯ ಬ್ರಷ್ಷಿನಿಂದ ಬೆಳಿಗ್ಗೆ ಸಂಜೆ ವಸಡೂ ಹಲ್ಲೂ ಸೇರುವ ಕಡೆ ತಿಕ್ಕಬೇಕು, ಇದ್ದಿಲು ಬೇಡ, ಎಲೆಅಡಿಕೆ ಬೇಡ. ಮೊದಮೊದಲು ರಕ್ತ ಬರುತ್ತದೆ, ಹೆದರಿ ಬಿಡಬಾರದು. ಮತ್ತೆ ಬಂದು ತೋರಿಸಬೇಕು, ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಕೆಳಗಿನ ಎರಡು ಹಲ್ಲಿನ ಬಗ್ಗೆ ಏನೂ ಹೇಳಲಾರೆ, ಕರಗಿದ ಮೂಳೆಯನ್ನು ಬೆಳೆಸುವ ಔಷಧಿ ನನ್ನಲ್ಲಿಲ್ಲ, ಮಿಕ್ಕವನ್ನು ಉಳಿಸಿಕೊಳ್ಳಬಹುದು ಎಂದರು. ನಾನು ಒಂದೊಂದನ್ನೂ ಕೇಳಿಸಿಕೊಂಡೆ. ಅಪ್ಪನ ಕಿವಿಯಲ್ಲಿ ಮಾತ್ರ "ಇದೂ ಅಷ್ಟೇ" ಎಂಬ ಮಾತೇ ತುಂಬಿಕೊಂಡಿತ್ತು ಎಂದು ಮಾರನೆಯ ಬೆಳಿಗ್ಗೆ ತಿಳಿಯಿತು.

ಅಕ್ಕ ಹೊಸ ಬ್ರಷ್ಷು ಹಿಡಿದು ಬಚ್ಚಲಿಗೆ ಹೋದಳು. ಬಾಯಿಗಿಟ್ಟ ಕೂಡಲೆ ರಕ್ತ ಬಂತು. ಅಜ್ಜಿ ಓಡಿ ಬಂದು ಕೈ ಹಿಡಿದಳು. ತೋಟಕ್ಕೆ ಹೊರಟಿದ್ದ ಅಪ್ಪ ಹಿಂದಕ್ಕೆ ಬಂದರು.

"ಕೆತ್ತಿದ ಮ್ಯಾಲೆ ಮುಟ್ಟಬಾರ್ದು ಕಣವ್ವ. ಟಾರು ಬಳಿದ ಮರನ ದಿನಾ ಯಾರಾರ ಕೆರೀತಾರಾ? ಅದ್ರಷ್ಟಕ್ಕೆ ಅದು ಒಣಗ್ಬೇಕು, ಮಾಯಬೇಕು."

"ಡಾಕ್ಟ್ರು ದಿನಾ ಉಜ್ಜು ಅಂದ್ರಲ್ಲಪ್ಪ" ಎಂದೆ ನಾನು.

"ನಾನೂ ಅಲ್ಲೇ ಇದ್ನಲ್ಲ ಮಗ. ಮರದಂಗೇ ಅಂತ ಹೇಳ್ದೋರು ಅವ್ರೇ ಅಲ್ವಾ? ಮರ ನಂಗೆ ಗೊತ್ತಿಲ್ವಾ?"

ಮರ ಅವರಿಗೆ ಗೊತ್ತಿತ್ತು. ತೋಟದ ಮೂಲೆಯಲ್ಲಿ ರಸ ಸೋರಿ ಸುಳಿ ಬಾಡಿದ್ದ ಮರಗಳನ್ನು ತಮ್ಮ ಕೈಯಾರೆ ಕೆತ್ತಿ ಉಳಿಸಿದ್ದರು. ಅವು ಆಗಲೂ ಕಾಯಿ ಬಿಡುತ್ತಿದ್ದವು. ಆ ಮರಗಳ ಮುಂದೆ ನನ್ನ ಎಸ್ಸೆಸ್ಸೆಲ್ಸಿ ಏನು ವಾದಿಸೀತು? ಅಕ್ಕ ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಬ್ರಷ್ಷನ್ನು ಗೋಡೆಯ ಗೂಡಿನಲ್ಲಿಟ್ಟಳು. ಟಾರಿನ ಬದಲಿಗೆ ಅಜ್ಜಿ ಲವಂಗದ ಎಣ್ಣೆಯಲ್ಲಿ ಅರಿಶಿನ ಕಲಸಿ ವಸಡಿಗೆ ಬಳಿದಳು. ದಿನಾ ಬಳಿದಳು, ಒಂದು ದಿನವೂ ತಪ್ಪಿಸಲಿಲ್ಲ.

ವಸಡು ವಾಸಿಯಾಗುತ್ತಿರುವಂತೆಯೇ ಕಂಡಿತು. ಡಾಕ್ಟರು ಕಲ್ಲು ತೆಗೆದಿದ್ದರಿಂದ ಊತ ಇಳಿದಿತ್ತು, ವಾಸನೆ ಹೋಗಿತ್ತು. ಅಕ್ಕ ಮಗುವಿನ ಕೆನ್ನೆಗೆ ಕೆನ್ನೆ ಹಚ್ಚಿ ಆಡಿಸತೊಡಗಿದಳು. "ನೋಡ್ದ್ಯಾ" ಎಂದು ಅಪ್ಪ ನನ್ನನ್ನು ನೋಡಿ ನಕ್ಕರು. ನನಗೂ ಅವರೇ ಸರಿಯಿರಬಹುದು ಅನ್ನಿಸಿತು. ವಾಸಿಯಾದ ಬಾಯನ್ನು ತೋರಿಸಲು ಇನ್ನೊಮ್ಮೆ ಬಸ್ಸು ಹತ್ತುವುದು ಏತಕ್ಕೆ ಎಂದರು ಅಪ್ಪ, ಯಾರೂ ಹತ್ತಲಿಲ್ಲ. ಭಾವ ಬಂದು ಅಕ್ಕನನ್ನೂ ಮಕ್ಕಳನ್ನೂ ಕರೆದುಕೊಂಡು ಹೋದರು. ಬ್ರಷ್ಷನ್ನು ನಾನು ಅವಳ ಗಂಟಿನೊಳಗೆ ತುರುಕಿದೆ. ಆ ಮನೆಯಲ್ಲೂ ಅದರಲ್ಲಿ ರಕ್ತ ಕಂಡ ಅತ್ತೆ ಬೇಡವೆಂದರಂತೆ. ಅವರೂ ಸೊಸೆಯ ಮೇಲಿನ ಮರುಕಕ್ಕೇ ಹೇಳಿದ್ದು.

ಮುಂದಿನ ವರ್ಷ ಗೌರಿ ಹಬ್ಬಕ್ಕೆ ಬಂದವಳು ಬಾಯಿ ಬಿಡಲೇ ಇಲ್ಲ. ಊಟಕ್ಕೆ ಕೂತಾಗ ನೋಡಿದೆ. ಕೆಳಗಿನ ಹಲ್ಲುಗಳು ಮುಂದಕ್ಕೆ ವಾಲಿ ಬಿಡಿಬಿಡಿಯಾಗಿದ್ದವು. ಮುದ್ದೆ ನುಂಗಿದಳು, ಪಲ್ಯದ ಕಾಳನ್ನು ತಟ್ಟೆಯ ಅಂಚಿಗೆ ಸರಿಸಿದಳು. "ಮುದ್ದೆಗೆ ಹಲ್ಲು ಯಾಕೆ ಬೇಕು, ನಮ್ಮ ಸೀಮೇಲಿ ಹುಟ್ಟಿದ್ದೇ ಒಳ್ಳೇದಾಯ್ತು" ಎಂದು ತಾನೇ ಹಾಸ್ಯ ಮಾಡಿದಳು. ಯಾರೂ ನಗಲಿಲ್ಲ.

ಮತ್ತೆ ಅದೇ ಬಸ್ಸು, ಅದೇ ಕೋಣೆ. ಡಾಕ್ಟರು ವಸಡನ್ನು ಬೆರಳಿನಿಂದ ಒತ್ತಿದರೆ ಕೀವು ಬಂತು. ಕೆಳಗಿನ ನಾಲ್ಕನ್ನು ತೆಗೆಯಲೇಬೇಕು ಎಂದರು.

"ನಾನೇನು ತೆಪ್ಪು ಮಾಡ್ದೆ ಸಾರ್?" ಎಂದಳು ಅಕ್ಕ. ಜಗಳದ ದನಿಯಲ್ಲಿ ಅಲ್ಲ, ತಿಳಿದುಕೊಳ್ಳಬೇಕೆಂಬ ದನಿಯಲ್ಲಿ. "ಮುಟ್ಟಬ್ಯಾಡ ಅಂದ್ರು, ಮುಟ್ಲಿಲ್ಲ. ಕೆರೆಸ್ಕ ಅಂದ್ರಿ, ಕೆರೆಸ್ಕಂಡೆ. ಎಲ್ಲಾರು ಹೇಳಿದ್ದೂ ಮಾಡಿದ್ನಲ್ಲ."

ಡಾಕ್ಟರು ಅಪ್ಪನ ಕಡೆ ನೋಡಿದರು. ಅಪ್ಪ ಬಾಗಿಲ ಹತ್ತಿರ ಟವೆಲ್ಲನ್ನು ಹೆಗಲಿಂದ ಕೈಗೆ, ಕೈಯಿಂದ ಹೆಗಲಿಗೆ ಹಾಕಿಕೊಳ್ಳುತ್ತ ನಿಂತಿದ್ದರು. "ಮರದಂಗೇ ಅಂದಿದ್ರಲ್ಲ ಸಾರ್ ತಾವು" ಎಂದರು ಮೆಲ್ಲಗೆ.

"ಅಂದಿದ್ದೆ" ಎಂದರು ಡಾಕ್ಟರು. ಕೈಯಲ್ಲಿದ್ದ ಕನ್ನಡಿಯನ್ನು ಕೆಳಗಿಟ್ಟು, "ಮರ ದಿನಾ ಉಣ್ಣಲ್ಲ ಯಜಮಾನ್ರೇ, ಬಾಯಿ ಉಣ್ಣುತ್ತೆ. ಕಲ್ಲು ನಾನು ತೆಗೀಬಹುದು. ಮತ್ತೆ ಕಟ್ಟದ ಹಾಗೆ ದಿನಾ ನೋಡ್ಕೊಳ್ಳೋದು ಮನೇಲೇ ಆಗ್ಬೇಕು. ನಾನು ಇನ್ನೂ ಬಿಡಿಸಿ ಹೇಳ್ಬೇಕಿತ್ತು" ಎಂದರು.

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ. ಹಲ್ಲುಗಳನ್ನು ಕೀಳಲು ಬಲವೇ ಬೇಕಾಗಲಿಲ್ಲ. ಚಿಮಟದಲ್ಲಿ ಹಿಡಿದರು, ಬಂದವು. ಹುಳುಕಿಲ್ಲದ, ಉದ್ದನೆಯ, ಚೆಂದದ ಹಲ್ಲುಗಳು. ಮಿಕ್ಕವುಗಳ ಬಗ್ಗೆ ಅಕ್ಕ ಕೇಳಿದಳು. ಇವತ್ತಿನಿಂದಾದರೂ ದಿನಾ ತಿಕ್ಕಿದರೆ ಎಷ್ಟೋ ವರ್ಷ ಇದ್ದಾವು ಎಂದರು, ಇರುತ್ತವೆ ಎಂದು ಮಾತು ಕೊಡಲಿಲ್ಲ.

ಮನೆಗೆ ಬಂದಾಗ ಅಜ್ಜಿ ಜಗಲಿಯ ಮೇಲಿದ್ದಳು. ತೋರಿಸು ಎಂದಳು. ಅಕ್ಕ ಸೆರಗು ಸರಿಸಿದಳು. ಅಜ್ಜಿ ಬಹಳ ಹೊತ್ತು ನೋಡಿ ಒಳಗೆ ಹೋದಳು.

ಎರಡು ದಿನ ಅಕ್ಕ ಗಂಜಿ ಕುಡಿದಳು. ಮೂರನೆಯ ದಿನ, ಹಬ್ಬಕ್ಕೆಂದು ಒಡೆದಿದ್ದ ಕೊಬ್ಬರಿಯನ್ನು ಮಕ್ಕಳು ಬೆಲ್ಲದ ಜೊತೆ ಕಟಕಟ ಕಡಿಯುತ್ತಿದ್ದರೆ ಅಕ್ಕ ಸುಮ್ಮನೆ ನೋಡುತ್ತ ಕೂತಿದ್ದಳು. ಅಜ್ಜಿ ತಾನು ಎಲೆಅಡಿಕೆ, ಹೊಗೆಸೊಪ್ಪು ಕುಟ್ಟಿಕೊಳ್ಳುವ ಕಬ್ಬಿಣದ ಕುಟ್ಟಾಣಿಯನ್ನು ತಂದಳು. ಕೊಬ್ಬರಿ ಚೂರು ಹಾಕಿ, ಬೆಲ್ಲ ಹಾಕಿ, ತನಗೆ ಕುಟ್ಟಿಕೊಳ್ಳುವ ಹಾಗೆಯೇ ಮೊಣಕಾಲ ಸಂದಿಯಲ್ಲಿಟ್ಟು ಕುಟ್ಟಿದಳು. ನುಣ್ಣಗಾದದ್ದನ್ನು ಬೆರಳಿನಿಂದ ತೆಗೆದು ಮೊಮ್ಮಗಳ ಅಂಗೈಗೆ ಹಾಕಿದಳು.

ಅಕ್ಕ ಬಾಯಿಗಿಟ್ಟುಕೊಂಡಳು. "ಹೊಗೆಸೊಪ್ಪಿನ ವಾಸನೆ ಕಣಜ್ಜಿ" ಎಂದಳು.

ಅಜ್ಜಿ ಕುಟ್ಟಾಣಿಯನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ, ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆದು ತಂದಳು. ಮತ್ತೆ ಕೊಬ್ಬರಿ ಹಾಕಿ ಕುಟ್ಟಲು ಕೂತಳು.